ಒಂದೇ ಪದ ತಾನೇ!

‘ಒಂದೇ ಪದ ತಾನೇ, ಊಟಕ್ಕೆ ಏಳೋದ್ರೊಳಗೆ ಕಳಿಸಿಬಿಡಿ.’ ತಂತ್ರಾಂಶದ ಪರದೆಯ ಮೇಲಿನ ಮಾತುಗಳನ್ನು ಇಂಗ್ಲಿಷಿನಿಂದ ಸ್ಪ್ಯಾನಿಷ್‌ಗೆ ಅನುವಾದ ಮಾಡುವವರ ಇಮೇಲಿಗೆ ಈ ಸಾಲು ಬಂದಿತೆಂದರೆ ಆವತ್ತಿನ ಊಟ ಕೈಬಿಟ್ಟಿತೆಂದೇ ಲೆಕ್ಕ. ಜೊತೆಗೊಂದು ಎಕ್ಸೆಲ್ ಫೈಲು. ಅದರಲ್ಲಿ ಒಂಟಿಯಾಗಿ ಕೂತಿರುತ್ತದೆ: ‘ಚೆಕ್’. ಹಿಂದೆ ಮುಂದೆ ಏನೂ ಇಲ್ಲ, ಸ್ಕ್ರೀನ್‌ಶಾಟ್ ಇಲ್ಲ. ಪಕ್ಕದ ಗುರುತಾದರೂ ಏನಾದರೂ ಹೇಳೀತೇ ಎಂದು ನೋಡಿದರೆ ‘ಸ್ಟ್ರಿಂಗ್ 0417’. ಕೈದಿ ನಂಬರಿನ ಹಾಗೆ.

ಕನ್ನಡದಲ್ಲಿ ನಾವು ಬಚಾವ್. ಬ್ಯಾಂಕಿಗೆ ಹಾಕುವುದೂ ಚೆಕ್ಕು, ಶರ್ಟಿನ ಮೇಲಿರುವುದೂ ಚೆಕ್ಸು, ಬೀಗ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸ್ ಹೋಗಿ ನೋಡುವುದೂ ಚೆಕ್ಕು. ಕೊನೆಗೊಂದು ಉಕಾರ ಹಚ್ಚಿ ನುಂಗಿಬಿಡುತ್ತೇವೆ. ಸ್ಪ್ಯಾನಿಷ್ ಹಾಗೆ ನುಂಗುವುದಿಲ್ಲ. ಬ್ಯಾಂಕಿನದಾದರೆ ‘ಚೆಕೆ’. ಅಮೆರಿಕನ್ನರು ಊಟದ ಬಿಲ್ಲಿಗೆ ಹೇಳುವ ಚೆಕ್ ಆದರೆ ‘ಕ್ವೆಂತಾ’. ಬಟ್ಟೆಯ ಚೌಕಳಿಯಾದರೆ ‘ಅ ಕ್ವಾದ್ರೋಸ್’. ಫಾರಂನ ಚೌಕದಲ್ಲಿ ಗುರುತು ಹಾಕುವುದಾದರೆ ‘ಮಾರ್ಕಾರ್’. ಚದುರಂಗದ್ದಾದರೆ ‘ಹಾಕೆ’, ರಾಜನಿಗೆ ಚೆಕ್ ಹಾಕೆ ಎಂದುಕೊಂಡರೆ ನಾವು ಇದೊಂದನ್ನು ಜನ್ಮದಲ್ಲಿ ಮರೆಯುವುದಿಲ್ಲ. ಸರಿಯಿದೆಯೇ ನೋಡು ಎಂಬ ಅರ್ಥಕ್ಕೇ ‘ಕೊಂಪ್ರೊಬಾರ್’, ‘ವೆರಿಫಿಕಾರ್’, ‘ರೆವಿಸಾರ್’ ಎಂದು ಮೂವರಿದ್ದಾರೆ. ಪಾಸ್‌ವರ್ಡ್ ತಾಳೆಯಾಯಿತೇ ಎನ್ನುವಲ್ಲಿ ಮೊದಲಿಬ್ಬರು ನಡೆಯುತ್ತಾರೆ. ಇಡೀ ಪತ್ರವನ್ನು ಮೇಲಿನಿಂದ ಕೆಳಗೆ ಓದಿ ನೋಡಬೇಕಾದರೆ ಮೂರನೆಯವನೇ ಬೇಕು. ಮೆಕ್ಸಿಕೊದವರಿಗೆ ಈ ಮೂವರ ಬದಲು ಹೆಚ್ಚಾಗಿ ‘ಚೆಕಾರ್’ ಬಾಯಿಗೆ ಬರುತ್ತದೆ.

ವಿಮಾನ ನಿಲ್ದಾಣಕ್ಕೆ ಹೋದಿರೋ, ಗೋಳು ಶುರು. ಸೂಟ್‌ಕೇಸನ್ನು ಕೌಂಟರಿನಲ್ಲಿ ಒಪ್ಪಿಸುವುದಕ್ಕೆ ಸ್ಪೇನಿನಲ್ಲಿ ‘ಫಾಕ್ತುರಾರ್’, ಮೆಕ್ಸಿಕೊದಲ್ಲಿ ‘ದೊಕುಮೆಂತಾರ್’, ಅರ್ಜೆಂಟೀನಾದಲ್ಲಿ ‘ದೆಸ್ಪಾಚಾರ್’. ಒಂದೇ ಪೆಟ್ಟಿಗೆ, ಒಂದೇ ಬೆಲ್ಟು, ಮೂರು ಕ್ರಿಯಾಪದ. ಫೈಲಿನಲ್ಲಿ ಬರೆದಿರುವುದು ಮಾತ್ರ ‘ಭಾಷೆ: ಸ್ಪ್ಯಾನಿಷ್’. ಯಾವ ದೇಶದ್ದು ಸ್ವಾಮಿ?

ಇಷ್ಟನ್ನೂ ಸಹಿಸಬಹುದು. ಸಹಿಸಲಾಗದ್ದು ಫೈಲು ಕಳಿಸಿದ ಮಹಾಶಯರ ಮರು ಅನುವಾದದ ಚಟ. ಅವರಿಗೆ ಸ್ಪ್ಯಾನಿಷ್ ಬರುವುದಿಲ್ಲ. ಆದರೆ ಬಿಟ್ಟಿ ಅನುವಾದ ಯಂತ್ರವೊಂದು ಕೈಯಲ್ಲಿದೆ. ನೀವು ಕೊಟ್ಟದ್ದನ್ನು ಅದರ ಬಾಯಿಗೆ ಹಾಕಿ ಮತ್ತೆ ಇಂಗ್ಲಿಷ್ ಕಕ್ಕಿಸುತ್ತಾರೆ. ಫಾಕ್ತುರಾರ್ ಎಂದರೆ ಬಿಲ್ ಮಾಡುವುದು ಎಂಬ ಅರ್ಥವೂ ಇದೆಯಲ್ಲ, ಯಂತ್ರ ಅದನ್ನೇ ಹಿಡಿದು ‘ಇನ್‌ವಾಯ್ಸ್’ ಎನ್ನುತ್ತದೆ. ತಕ್ಷಣ ಆ ಸೆಲ್ಲು ಕೆಂಪು: ‘ಲಗೇಜಿಗೆ ಯಾಕೆ ಬಿಲ್ಲು???’ ಪ್ರಶ್ನಾರ್ಥಕ ಚಿಹ್ನೆ ಮೂರಕ್ಕೆ ಕಡಿಮೆ ಇರುವುದಿಲ್ಲ. ಕ್ವೆಂತಾ ‘ಅಕೌಂಟ್’ ಆಗಿ ಮರಳುತ್ತದೆ: ‘ಇಲ್ಲಿ ಲಾಗಿನ್ ಇಲ್ಲವಲ್ಲ???’ ದೆಸ್ಪಾಚಾರ್ ರವಾನೆಯಾಗಿ ಮರಳುತ್ತದೆ: ‘ಎಲ್ಲಿಗೆ ಕಳಿಸುತ್ತಿದ್ದೀರಿ???’ ಅನುವಾದ ಸರಿಯಿದ್ದಷ್ಟೂ ಕೆಂಪು ಹೆಚ್ಚು. ಕಡೆಗೊಮ್ಮೆ ಅವರಿಗೆ ‘ಚೆಕೆಯಾರ್’ ಕಣ್ಣಿಗೆ ಬೀಳುತ್ತದೆ. ಕನ್ನಡಿಯಲ್ಲಿ ನೋಡಿದ ಹಾಗೆ ಚೆಕ್ ಆಗಿಯೇ ಹಿಂದಿರುಗುತ್ತದೆ. ಮುಖ ಅರಳುತ್ತದೆ, ಸೆಲ್ಲು ಹಸಿರಾಗುತ್ತದೆ. ಆ ಪದ ಇರುವುದು ನಿಜ, ಸ್ಪೇನಿಗಿಂತ ಅಮೆರಿಕ ಖಂಡದಲ್ಲಿ ಹೆಚ್ಚು ನಡೆಯುವುದೂ ನಿಜ. ಆದರೆ ಲಗೇಜಿನ ಪರದೆಯಲ್ಲಿ ಅದನ್ನು ಹಾಕಿದರೆ ‘ನಿಮ್ಮ ಪೆಟ್ಟಿಗೆಯನ್ನು ಪರೀಕ್ಷಿಸಿ’ ಎಂದಾಗುತ್ತದೆ. ಪ್ರಯಾಣಿಕ ಕ್ಯೂ ನಡುವೆಯೇ ಜಿಪ್ ಎಳೆದು ಕಾಲುಚೀಲ ಎಣಿಸಬೇಕು.

ಹಸಿರಾದದ್ದು ಅಲ್ಲಿಗೇ ನಿಲ್ಲುವುದಿಲ್ಲ. ಟ್ರಾನ್ಸ್‌ಲೇಷನ್ ಮೆಮೊರಿ ಎಂಬ ವ್ಯವಸ್ಥೆ ಅದನ್ನು ಕಂಠಪಾಠ ಮಾಡಿಕೊಳ್ಳುತ್ತದೆ. ಮುಂದೆ ಎಲ್ಲೆಲ್ಲಿ ‘ಚೆಕ್’ ಬಂದರೂ ‘100% ಹೊಂದಿಕೆ’ ಎಂದು ಎದೆಯುಬ್ಬಿಸಿ ತಾನೇ ತುಂಬಿಬಿಡುತ್ತದೆ. ಅಕ್ಷರ ಹೊಂದಿದರೆ ಸಾಕು, ಅರ್ಥದ ಉಸಾಬರಿ ಅದಕ್ಕಿಲ್ಲ. ಚದುರಂಗದಾಟದ ತಂತ್ರಾಂಶದಿಂದ ಬಂದ ‘ಹಾಕೆ’ ಬ್ಯಾಂಕಿನ ಪರದೆಯಲ್ಲಿ ಕೂತರೆ ಕ್ಯಾಷಿಯರ್ ಯಾವ ರಾಜನನ್ನು ಸರಿಸಬೇಕು? ಮೇಲಾಗಿ ಮರುಕಳಿಸಿದ ಪದಗಳಿಗೆ ದರ ಕಡಿತ. ಏಳು ಅರ್ಥಕ್ಕೆ ಏಳು ಸಲ ತಲೆ ಕೆರೆದುಕೊಂಡರೂ ಬಿಲ್ಲಿನಲ್ಲಿ ಅದು ಒಂದು ಪದ, ಆರು ಪುನರಾವರ್ತನೆ.

ಅರ್ಥ ಸಿಕ್ಕಿತು ಎಂದುಕೊಳ್ಳಿ. ಪರದೆಯಲ್ಲಿ ಒತ್ತುವ ಗುಂಡಿಯ ಮೇಲೆ ‘ನೀನು’ ಎಂದು ಕರೆಯಬೇಕೋ ‘ನೀವು’ ಎಂದೋ? ಮೊದಲನೆಯದಕ್ಕೆ ‘ಕೊಂಪ್ರ್ವೆಬಾ’, ಎರಡನೆಯದಕ್ಕೆ ‘ಕೊಂಪ್ರ್ವೆಬೆ’, ಅರ್ಜೆಂಟೀನಾದ ಸಲಿಗೆಗೆ ‘ಕೊಂಪ್ರೊಬಾ’. ಅದಕ್ಕೇ ಪಳಗಿದವರು ಗುಂಡಿಗೆ ‘ಕೊಂಪ್ರೊಬಾರ್’ ಎಂಬ ಮೂಲರೂಪವನ್ನೇ ಇಟ್ಟು ಮರ್ಯಾದೆ ಉಳಿಸಿಕೊಳ್ಳುತ್ತಾರೆ. ‘ಚೆಕ್ಡ್’ ಬಂದರೆ ಆ ಉಪಾಯವೂ ಇಲ್ಲ. ಪರೀಕ್ಷೆಯಾದದ್ದು ಪುಲ್ಲಿಂಗವೋ ಸ್ತ್ರೀಲಿಂಗವೋ, ಒಂದೋ ಹಲವೋ ಎಂಬುದರ ಮೇಲೆ ವೆರಿಫಿಕಾದೊ, ವೆರಿಫಿಕಾದಾ, ವೆರಿಫಿಕಾದೋಸ್, ವೆರಿಫಿಕಾದಾಸ್. ಇನ್ನು ಜಾಗ. ಇಂಗ್ಲಿಷಿನ ಐದಕ್ಷರಕ್ಕೆ ಅಳತೆ ತೆಗೆದು ಹೊಲಿದ ಗುಂಡಿಯೊಳಗೆ ‘ಮಾರ್ಕಾರ್ ಲಾ ಕಾಸಿಯಾ’, ಅಂದರೆ ಚೌಕಕ್ಕೆ ಗುರುತು ಹಾಕು, ಎಂಬುದನ್ನು, ಸ್ಪ್ಯಾನಿಷ್ ಲಿಪಿಯಲ್ಲಿ ನಡುವಿನ ಖಾಲಿ ಜಾಗವೂ ಸೇರಿ 17 ಅಕ್ಷರ, ತುರುಕಿದರೆ ಪರದೆಯಲ್ಲಿ ಉಳಿಯುವುದು ‘ಮಾರ್…’

ತಮಾಷೆಯೆಂದರೆ ಈ ಜಗಳಗಂಟರೆಲ್ಲ ಒಂದೇ ಮನೆಯವರು. ಪರ್ಷಿಯನ್ನಿನ ‘ಶಾಹ್’, ರಾಜ, ಚದುರಂಗದ ಜೊತೆ ಹೊರಟು ಅರಬ್ಬಿ ದಾಟಿ ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು ಚೆಕ್ ಆಯಿತು. ರಾಜನನ್ನು ತಡೆಯುವುದು ಯಾವುದನ್ನಾದರೂ ತಡೆಯುವುದಾಯಿತು, ತಡೆದು ನೋಡುವುದಾಯಿತು. ಆಟದ ಹಾಸಿನ ಮನೆಗಳು ಬಟ್ಟೆಯ ಚೌಕಳಿಯಾದವು. ಸ್ಪೇನಿಗೆ ಅದೇ ರಾಜ ಅರಬ್ಬರ ಜೊತೆ ನೇರವಾಗಿ ಬಂದು ‘ಹಾಕೆ’ಯಾಗಿ ಆಟದ ಮಣೆಯ ಮೇಲೆಯೇ ಉಳಿದುಕೊಂಡ. ಅಷ್ಟು ದೂರ ನಡೆದುಬಂದವನು ಈಗ ಎಕ್ಸೆಲ್ಲಿನ ಸಾಲಿನಲ್ಲಿ, ತಾನು ಯಾರೆಂದು ಯಾರೂ ಕೇಳದೆ, ಒಬ್ಬನೇ ಕೂತಿದ್ದಾನೆ. ಫೈಲು ಮುಚ್ಚುವಾಗ ಅವನ ಮೇಲಿನ ಸಿಟ್ಟು ಸ್ವಲ್ಪ ಇಳಿಯುತ್ತದೆ.

ಕಳಿಸಿದವರ ಮೇಲಿನದು ಇಳಿಯುವುದಿಲ್ಲ. ತಂತ್ರಾಂಶದ ಮಾತುಗಳನ್ನು ಅನುವಾದಕ್ಕೆ ಒದಗಿಸುವ ಗೆಟ್‌ಟೆಕ್ಸ್ಟ್‌ನಂಥ ಸಲಕರಣೆಯಲ್ಲಿ ಸಂದರ್ಭ ಬರೆಯಲೆಂದೇ ಒಂದು ಜಾಗವಿದೆ. ‘ಗುಂಡಿ, ಲಗೇಜ್ ಪರದೆ, ಮೆಕ್ಸಿಕೊ’ ಎಂದು ಮೂರು ತುಣುಕು ಬರೆದರೆ ಇಡೀ ರಗಳೆ ತಪ್ಪುತ್ತದೆ. ಬರೆಯುವುದಿಲ್ಲ. ಹಾಗಾಗಿ ಅನುವಾದಕರು ವಿನಯದಿಂದ ಕೇಳಬೇಕು: ‘ಇದು ನಾಮಪದವೋ ಕ್ರಿಯಾಪದವೋ?’

ಎರಡು ದಿನ ಬಿಟ್ಟು ಉತ್ತರ ಬರುತ್ತದೆ: ‘ಹೌದು.’