ನಾಳೆ ಬಾ, ಅಪ್‌ಡೇಟೇ!

ಹಿಂದೆ ನಮ್ಮ ಕಡೆ ಮನೆಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವ ಅದನ್ನು ಓದಿಕೊಂಡು, ಪಾಪ, ಮರುದಿನ ಬಂದು, ಮತ್ತೆ ಅದನ್ನೇ ಓದಿ ಹಿಂದಿರುಗುತ್ತಿತ್ತಂತೆ. ಬೆಂಗಳೂರಿನ ಕಚೇರಿಯೊಂದರಲ್ಲಿ ಸತತ ಮೂರು ದಿನ ಸರದಿಯಲ್ಲಿ ನಿಂತು ಬಂದ ಮೇಲೆ ಆ ಅಕ್ಷರಸ್ಥ ದೆವ್ವದ ಬಗ್ಗೆ ನನಗೆ ಅಪಾರ ಗೌರವ ಹುಟ್ಟಿದೆ. ಕಚೇರಿ ಯಾವುದೆಂದು ಹೇಳಲಾರೆ. ಒಂದನ್ನು ಹೆಸರಿಸಿದರೆ ಉಳಿದವುಗಳಿಗೆ ಅವಮಾನವಾದೀತು.

ಕಿಟಕಿಯಾಚೆಯ ಕಂಪ್ಯೂಟರ್ ಅಪ್‌ಡೇಟ್ ಹಾಕಿಕೊಳ್ಳಲು ಆರಂಭಿಸಿ, ಶೇಕಡಾ 35ರವರೆಗೆ ಏರಿ, ಅಲ್ಲಿ ಮುಕ್ಕಾಲು ಗಂಟೆ ಧ್ಯಾನಸ್ಥವಾಗಿ, ಬಳಿಕ ಆದದ್ದನ್ನೆಲ್ಲ ರದ್ದುಗೊಳಿಸಿ ಮೊದಲಿನಿಂದ ಶುರುಮಾಡುತ್ತಿತ್ತು. ಅದರ ಪೆಟ್ಟಿಗೆಯ ಮೇಲೆ ಆಯುಧಪೂಜೆಯ ಕುಂಕುಮ ಒಣಗಿ ಅಂಟಿಕೊಂಡಿತ್ತು, ಗಾಳಿಕಿಂಡಿಯಲ್ಲಿ ಚೆಂಡುಹೂವಿನ ಎಸಳೊಂದು ಸಿಕ್ಕಿಕೊಂಡಿತ್ತು. ಆ ಯಂತ್ರಕ್ಕೆ ವರ್ಷಕ್ಕೊಮ್ಮೆ ಸಲ್ಲುವ ಆರೈಕೆ ಅದೊಂದೇ ಇರಬೇಕು. “ಎರಡು ಸಲ ಆಫ್ ಮಾಡಿ ಆನ್ ಮಾಡಿದೆ ಸಾರ್, ಅದೇ ಎರರ್ ನಂಬರ್ ಬರ್ತಾ ಇದೆ” ಎಂದರು ಗುಮಾಸ್ತರು.

ನಂಬರಿನ ಮಾತು ಬಂದಾಗ 2024ರ ಜನವರಿ 9ರಂದು ವಿಂಡೋಸ್ 10ಕ್ಕೆ ಬಂದ ಭದ್ರತಾ ಅಪ್‌ಡೇಟನ್ನು ನೆನೆಯದಿರಲಾಗದು. ಅಂದು ಮಂಗಳವಾರ. ವಿಂಡೋಸ್ ತಯಾರಿಸುವ ಮೈಕ್ರೋಸಾಫ್ಟ್ ಕಂಪನಿ ಪ್ರತಿ ತಿಂಗಳ ಎರಡನೆಯ ಮಂಗಳವಾರವೇ ಅಪ್‌ಡೇಟ್ ಬಿಡುತ್ತದೆ. ಮಂಗಳವಾರ ಹೊಸ ಕೆಲಸ ಹಿಡಿಯಬಾರದೆಂದು ನಮ್ಮ ಅಜ್ಜಿಯಂದಿರು ಹೇಳಿದ್ದು ಅಮೆರಿಕಕ್ಕೆ ತಲುಪಿಲ್ಲ. ಡಿಸ್ಕಿನಲ್ಲಿ ರಿಕವರಿಗೆಂದು, ಅಂದರೆ ಯಂತ್ರ ಕೆಟ್ಟರೆ ಸರಿಪಡಿಸಿಕೊಳ್ಳಲೆಂದು, ಮೀಸಲಿಟ್ಟ ಭಾಗದಲ್ಲಿ 250 ಎಂಬಿ ಖಾಲಿ ಜಾಗವಿಲ್ಲದ ಯಂತ್ರಗಳಲ್ಲಿ ಆ ಅಪ್‌ಡೇಟ್ ಕೂರುತ್ತಿರಲಿಲ್ಲ. ‘ಜಾಗ ಸಾಲದು’ ಎಂದಿದ್ದರೆ ಸಾಕಿತ್ತು. ಪರದೆ ಮಾತ್ರ 0ಎಕ್ಸ್80070643 ಎಂದು ಮಂತ್ರ ಹೇಳಿತು. ಸಂದೇಶ ತಪ್ಪೆಂದು ಒಪ್ಪಿಕೊಂಡ ಕಂಪನಿ, ಆ ಭಾಗವನ್ನು ಕಮಾಂಡುಗಳನ್ನು ಟೈಪಿಸಿ ಬಳಕೆದಾರರೇ ಹಿಗ್ಗಿಸಿಕೊಳ್ಳಲಿ ಎಂದಿತು. ಸೀಟಿಲ್ಲದ ಬಸ್ಸಿನ ಕಂಡಕ್ಟರು ಪ್ರಯಾಣಿಕನ ಕೈಗೆ ಸ್ಪ್ಯಾನರು ಕೊಟ್ಟು, ಹಿಂದಿನ ಸಾಲನ್ನು ಬಿಚ್ಚಿ ಸರಿಸಿಕೊಳ್ಳಿ ಎಂದ ಹಾಗೆ.

ನಮ್ಮ ಗುಮಾಸ್ತರಿಗೆ ಸ್ಪ್ಯಾನರೂ ಇಲ್ಲ. ಅಡ್ಮಿನ್ ಪಾಸ್‌ವರ್ಡ್ ಗುತ್ತಿಗೆದಾರನ ಬಳಿ, ಗುತ್ತಿಗೆದಾರ ಇನ್ನೊಂದು ಕಚೇರಿಯಲ್ಲಿ, ಅಲ್ಲಿಯೂ ಬಹುಶಃ ಶೇಕಡಾ 35. ತಿಂಗಳುಗಟ್ಟಲೆ ‘ನಂತರ ನೆನಪಿಸು’ ಎಂಬುದನ್ನೇ ಒತ್ತಿ ಅಪ್‌ಡೇಟಿಗೂ ‘ನಾಳೆ ಬಾ’ ಎಂದೇ ಹೇಳುತ್ತ ಬಂದಿದ್ದರಂತೆ. ಅದು ದೆವ್ವದಷ್ಟು ಸಂಭಾವಿತವಲ್ಲ. ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಒಳಗೆ ನುಗ್ಗಿತು.

ನನ್ನ ಮುಂದೆ ನಿಂತಿದ್ದ ಹೆಂಗಸು ಮೂರು ಮನೆಗಳ ಕೆಲಸ ಬಿಟ್ಟು ಬಂದಿದ್ದರು. ಅವರನ್ನು ನೋಡಿದ ಮೇಲೆ ತಮಾಷೆ ಮಾಡಲು ನನಗೆ ಉತ್ಸಾಹ ಉಳಿಯಲಿಲ್ಲ. ಭದ್ರತೆಯ ಅಪ್‌ಡೇಟ್ ಬೇಕು, ಯಾರೂ ಬೇಡವೆನ್ನುವುದಿಲ್ಲ. ಅದನ್ನು ಕಚೇರಿ ಮುಚ್ಚಿದ ಮೇಲೆ ಹಾಕಬಹುದು, ಮೊದಲು ಒಂದು ಯಂತ್ರದಲ್ಲಿ ಹಾಕಿ ನೋಡಬಹುದು, ಕೆಟ್ಟು ನಿಂತರೆ ಅರ್ಜಿಯನ್ನು ಕೈಯಲ್ಲಿ ಬರೆಸಿಕೊಂಡು ಸ್ವೀಕೃತಿ ಕೊಡಬಹುದು. ಯಾವುದನ್ನೂ ಮಾಡುವುದಿಲ್ಲ, ಮಾಡದಿದ್ದಕ್ಕೆ ಯಾರೂ ಕೇಳುವುದೂ ಇಲ್ಲ.

ಮಧ್ಯಾಹ್ನ ಒಂದೂವರೆಗೆ ಕಿಟಕಿ ಮುಚ್ಚುವಾಗ ಆಕೆ, ಈ ಟೋಕನ್ ನಾಳೆಗೂ ನಡೆಯುತ್ತದೆಯೇ ಎಂದು ಕೇಳಿದರು.

“ಇಲ್ಲಮ್ಮ, ನಾಳೆ ಬಂದು ಹೊಸದು ತಗೊಳ್ಳಿ.”