ಹೊರಗೂ ಮಳೆ, ಒಳಗೂ ಮಳೆ

ನಿನ್ನೆ ಶಿರಾಡಿ ಘಾಟಿ ಇಳಿಯುವಾಗ, ಸೀಟಿನ ಕೆಳಗೆ ಬಿಚ್ಚಿಟ್ಟಿದ್ದ ಚಪ್ಪಲಿ ತೇಲಿಕೊಂಡು ಬಂದು ಕ್ಲಚ್ಚಿನಡಿ ಸಿಕ್ಕಿಕೊಂಡಿತು. ಹೌದು ಸ್ವಾಮಿ, ಕ್ಯಾಬಿನ್ ಒಳಗೇ. ನಾನು ತಗೊಂಡಿದ್ದು ಲಾರಿನೋ ದೋಣಿನೋ?

ಸೆಕೆಂಡ್ ಹ್ಯಾಂಡ್ ಗಾಡಿ, ಆರು ತಿಂಗಳ ವಾರಂಟಿ. "ಕಣ್ಣು ಮುಚ್ಕೊಂಡು ತಗೊಳ್ಳಿ ಅಣ್ಣಾ" ಅಂದಿದ್ದರು ಮಾರಿದವರು. ಮುಚ್ಚಿದ್ದೇ ತಪ್ಪಾಯ್ತು. ಸೋರುತ್ತೆ ಅಂತ ಮೊದಲ ಸಲ ಅವರ ಹತ್ರ ರಿಪೇರಿಗೆ ಬಿಟ್ಟಾಗ ಮುಂದಿನ ಗ್ಲಾಸಿನ ರಬ್ಬರಿಗೆ ಸಿಲಿಕಾನ್ ಮೆತ್ತಿದರು. ಎರಡನೇ ಸಲ ಅದರ ಮೇಲೇ ಇನ್ನೊಂದು ಪದರ, ದಾವಣಗೆರೆ ದೋಸೆಗೆ ಬೆಣ್ಣೆ ಹಾಕಿದ ಹಾಗೆ. ಮೂರನೇ ಸಲ ಒಣ ಬಿಸಿಲಲ್ಲಿ ನಿಲ್ಲಿಸಿ ನೋಡಿ, "ಎಲ್ಲೂ ಸೋರ್ತಿಲ್ವಲ್ಲಣ್ಣಾ" ಅಂತಾರೆ. ಬಿಸಿಲಲ್ಲಿ ಸೋರೋಕೆ ಅದೇನು ಬೆವರಾ? ವೈಪರ್ ಕೆಳಗಿನ ಜಾಲರಿಯಲ್ಲಿ ಎಲೆ ಕಟ್ಟಿಕೊಂಡಿರಬಹುದು, ಬಿಚ್ಚಿ ನೋಡ್ರಪ್ಪಾ ಅಂದರೆ, ಬಿಚ್ಚೋಕೆ ಲೇಬರ್ ಚಾರ್ಜು ಬೇರೆಯಂತೆ!

ಫೋನ್ ಮಾಡಿದರೆ ಹೊಸ ವೇದಾಂತ: ವಾರಂಟಿ ಇಂಜಿನ್, ಗೇರ್‌ಬಾಕ್ಸಿಗೆ ಮಾತ್ರ. ಫ್ಯೂಸ್ ಬಾಕ್ಸಿಗೆ ನೀರಿಳಿದು ಹಾರ್ನ್ ತನ್ನಷ್ಟಕ್ಕೆ ತಾನೇ ಬಡ್ಕೊಳ್ತಿದೆಯಲ್ಲ? ಅದು ಎಲೆಕ್ಟ್ರಿಕಲ್ಲು, ಅದಕ್ಕೂ ಇಲ್ಲ. ಹಾಗಾದರೆ ವಾರಂಟಿ ಇರೋದು ಯಾವುದಕ್ಕೆ, ಆ ಕಾಗದಕ್ಕಾ? ಅದೂ ಡ್ಯಾಶ್‌ಬೋರ್ಡಿನ ಡಬ್ಬದಲ್ಲಿ ನೆನೆದು ಮುದ್ದೆಯಾಗಿದೆ. ಕ್ಲೀನರ್ ಹುಡುಗ ಈಗ ಸೀಟಲ್ಲಿ ಕೊಡೆ ಬಿಡಿಸಿಕೊಂಡೇ ಕೂರೋದು.