ಸೈಲೆನ್ಸ್! ಸ್ಪೋಕನ್ ಇಂಗ್ಲಿಷ್ ಕ್ಲಾಸ್ ನಡೆಯುತ್ತಿದೆ

ಇಂಗ್ಲಿಷ್ ಸಂಭಾಷಣೆ ಕಲಿಸುವ ತರಗತಿಯನ್ನು ಗುರುತಿಸುವುದು ಸುಲಭ. ಒಳಗಿನಿಂದ ಒಂದೇ ದನಿ ಕೇಳಿಸುತ್ತಿರುತ್ತದೆ, ಅದು ಮೇಷ್ಟರದ್ದು. 40 ನಿಮಿಷದ ಪೀರಿಯಡ್ಡು, 40 ಮಂದಿ ಎಂದಿಟ್ಟುಕೊಳ್ಳಿ. ಹಾಜರಿ, ಬೋರ್ಡು, ವ್ಯಾಕರಣದ ಸೂತ್ರ, "ಮಾತಾಡೋಕೆ ಹೆದರಬಾರದು" ಎಂಬ ಭಾಷಣ ಎಲ್ಲ ಸೇರಿ 30 ನಿಮಿಷ. ಉಳಿದ 10 ನಿಮಿಷವನ್ನು ಹಂಚಿದರೆ ತಲೆಗೆ 15 ಸೆಕೆಂಡು. ಎದ್ದು ನಿಂತು ಕೂರುವುದರಲ್ಲೇ ಅರ್ಧ ಹೋಯಿತು. ಅದೇ 10 ನಿಮಿಷ ಇಬ್ಬಿಬ್ಬರನ್ನು ಜೋಡಿ ಮಾಡಿ ಬಿಟ್ಟರೆ ಒಬ್ಬೊಬ್ಬರ ಪಾಲಿಗೂ 5 ನಿಮಿಷ ಬರುತ್ತದೆ. ಆದರೆ ಪಕ್ಕದ ಕೋಣೆಯಿಂದ ದೂರೂ ಬರುತ್ತದೆ: "ಏನ್ ಸಾರ್ ಇದು, ನಿಮ್ಮ ಕ್ಲಾಸಲ್ಲಿ ಎಲ್ಲರೂ ಮಾತಾಡ್ತಿದ್ದಾರೆ!"

ಹಾಗಾಗಿ ಸುರಕ್ಷಿತ ವಿಧಾನವೇ ವಾಸಿ. ಪೆನ್ನು ಎತ್ತಿ ಹಿಡಿದು, "ವಾಟ್ ಈಸ್ ದಿಸ್?" ಅದು ಪೆನ್ನೆಂದು ಕೇಳಿದವರಿಗೂ ಗೊತ್ತು, ಹೇಳುವವರಿಗೂ ಗೊತ್ತು. ಬರೀ "ಪೆನ್" ಎಂದರೆ ಸಾಲದು. "ಫುಲ್ ಸೆಂಟೆನ್ಸ್!" "ಇಟ್ ಈಸ್ ಎ ಪೆನ್, ಸಾರ್." "ವೆರಿ ಗುಡ್, ಸಿಟ್ ಡೌನ್." ಮೇಷ್ಟರ ಪ್ರಶ್ನೆ, ವಿದ್ಯಾರ್ಥಿಯ ಉತ್ತರ, ಮೇಲೆ ಮೇಷ್ಟರ ಷರಾ: ತರಗತಿಯ ಮಾತಿನ ಈ ಮೂರು ಮೆಟ್ಟಿಲನ್ನು ಸಿಂಕ್ಲೇರ್ ಮತ್ತು ಕೂಲ್ಟ್‌ಹಾರ್ಡ್ ಎಂಬ ಭಾಷಾವಿಜ್ಞಾನಿಗಳು 1975ರಲ್ಲೇ ವಿವರಿಸಿಟ್ಟಿದ್ದಾರೆ. ಇದನ್ನೇ ಚೆನ್ನಾಗಿ ಕಲಿತವರು ಬೀದಿಗಿಳಿದರೆ ಹೇಗಿರಬಹುದು? "ಬಸ್ಸು ಎಷ್ಟು ಹೊತ್ತಿಗೆ?" "ಏಳಕ್ಕೆ." "ವೆರಿ ಗುಡ್, ಸಿಟ್ ಡೌನ್."

ಪ್ರಶ್ನೆ ಕೇಳಿದ ಮೇಲೆ ಕಾಯುವ ಪದ್ಧತಿಯೂ ಇಲ್ಲ. ವಿಜ್ಞಾನದ ತರಗತಿಗಳಲ್ಲಿ ಇದನ್ನು ಅಳೆದ ಮೇರಿ ಬಡ್ ರೋ ಅವರಿಗೆ ಸಿಕ್ಕ ಲೆಕ್ಕ, ಸುಮಾರು 1 ಸೆಕೆಂಡು. ಅದನ್ನು 3 ಸೆಕೆಂಡಿಗೆ ಏರಿಸಿದರೆ ಉತ್ತರ ಉದ್ದವಾಗುತ್ತದೆ, ಬಾಯಿ ಬಿಡದವರೂ ಬಿಡುತ್ತಾರೆ. ಪರಭಾಷೆಯಲ್ಲಿ ಪ್ರಶ್ನೆಯನ್ನು ಬಿಡಿಸಿಕೊಂಡು, ಪದ ಹುಡುಕಿ, ಕ್ರಿಯಾಪದಕ್ಕೆ ತಕ್ಕ ಬಾಲ ಅಂಟಿಸಿ ನಾಲಿಗೆಗೆ ತರಬೇಕಾದವರಿಗೆ ಇನ್ನೂ ಹೆಚ್ಚೇ ಬೇಕು. ಆದರೆ 3 ಸೆಕೆಂಡಿನ ಮೌನ ತಡೆದುಕೊಳ್ಳುವ ಗುಂಡಿಗೆ ಯಾರಿಗಿದೆ? ಉತ್ತರವನ್ನೂ ಮೇಷ್ಟರೇ ಹೇಳಿ "ಅಂಡರ್‌ಸ್ಟುಡ್?" ಎನ್ನುತ್ತಾರೆ. "ಎಸ್ ಸಾರ್!" ಇಷ್ಟನ್ನು ಮಾತ್ರ ಎಲ್ಲರೂ ನಿರರ್ಗಳವಾಗಿ ಆಡಬಲ್ಲರು.

ಎಲ್ಲೋ ಒಮ್ಮೆ ಜೋಡಿ ಚಟುವಟಿಕೆ ನಡೆದರೂ ಇಬ್ಬರ ಕೈಯಲ್ಲೂ ಒಂದೇ ಹಾಳೆ. ಕಣ್ಣೆದುರೇ ಇರುವುದನ್ನು ಬಾಯಿಬಿಟ್ಟು ಕೇಳುವವರುಂಟೇ? ಒಬ್ಬರ ಹಾಳೆಯಲ್ಲಿ ರೈಲು ಹೊರಡುವ ವೇಳೆ, ಇನ್ನೊಬ್ಬರದ್ದರಲ್ಲಿ ಪ್ಲಾಟ್‌ಫಾರ್ಮ್ ಸಂಖ್ಯೆ ಅಳಿಸಿ, ಬೆನ್ನಿಗೆ ಬೆನ್ನು ಹಾಕಿ ಕೂರಿಸಿದರೆ ಮಾತು ತಾನಾಗಿ ಹುಟ್ಟುತ್ತದೆ. (ಎದುರುಬದುರು ಕೂರಿಸಿದರೆ ಇಣುಕಿ ನೋಡಿ ಮುಗಿಸುತ್ತಾರೆ, ಮನುಷ್ಯರಲ್ಲವೇ.) ಅದಕ್ಕೆ ಎರಡು ಬಗೆಯ ಹಾಳೆ ಬೇಕು. ಜೆರಾಕ್ಸ್ ಮಾಡಿಸುವವರಿಗೆ ಅಷ್ಟು ವ್ಯವಧಾನವಿಲ್ಲ.

ಓದುವ ತರಗತಿಯ ಸೊಬಗೇ ಬೇರೆ. ಒಬ್ಬರಾದ ಮೇಲೊಬ್ಬರು ಒಂದೊಂದು ಪ್ಯಾರಾ ಗಟ್ಟಿಯಾಗಿ ಓದಬೇಕು. ಹನ್ನೊಂದನೆಯವರು ಸದ್ದಿಲ್ಲದೆ ತಲೆ ಎಣಿಸಿ, ತಮ್ಮ ಪ್ಯಾರಾ ಗುರುತಿಸಿಕೊಂಡು, ಅದನ್ನಷ್ಟೇ ತುಟಿಯೊಳಗೆ ಮಗ್ಗಿಯಂತೆ ಉರು ಹೊಡೆಯುತ್ತಾರೆ. ಹತ್ತು ಪ್ಯಾರಾದಲ್ಲಿ ಏನಾಯಿತೋ ತಿಳಿಯದು. ತಮ್ಮದು ಮುಗಿದ ಮೇಲೆ ಕಥೆ ಏನಾದರೂ ಆಗಲಿ. ಮಧ್ಯೆ ಒಬ್ಬರಿಗೆ ಜ್ವರ ಬಂದು ರಜೆ ಹಾಕಿದ್ದರೆ ಮಾತ್ರ ಲೆಕ್ಕ ತಪ್ಪಿ ಅನಾಹುತ.

ಆಮೇಲೆ ಗ್ರಹಿಕೆಯ ಪ್ರಶ್ನೆ. ಅದರ ಮಹಿಮೆಯನ್ನು ಇಲ್ಲೇ ನೋಡಿ: "ಗೊಮರದ ಟಿಪ್ಪರೆಗಳು ಝಂಬಿಲದ ಮೇಲೆ ಚಿಲ್ಲುಮಿದವು." ಪ್ರಶ್ನೆ: ಟಿಪ್ಪರೆಗಳು ಎಲ್ಲಿ ಚಿಲ್ಲುಮಿದವು? ಉತ್ತರ: ಟಿಪ್ಪರೆಗಳು ಝಂಬಿಲದ ಮೇಲೆ ಚಿಲ್ಲುಮಿದವು. ಪೂರ್ಣ ವಾಕ್ಯ, ಪೂರ್ಣಾಂಕ! ಯಾರ ಸಹಾಯವೂ ಇಲ್ಲದೆ ಓದಿ ಅರ್ಥವಾಗಬೇಕಾದರೆ ನೂರರಲ್ಲಿ 98 ಪದವಾದರೂ ಮೊದಲೇ ಗೊತ್ತಿರಬೇಕು ಎಂಬುದು 2000ದಲ್ಲಿ ಹೂ ಮತ್ತು ನೇಷನ್ ಎಂಬ ಸಂಶೋಧಕರು ನಡೆಸಿದ ಅಧ್ಯಯನದ ಅಂದಾಜು. ನಮ್ಮ ಪಾಠದ ಸಾಲಿಗೆ ಎರಡು ಪದಗಳ ಮೇಲೆ ಪೆನ್ಸಿಲ್ಲಿನಲ್ಲಿ ಅರ್ಥ ಬರೆದುಕೊಂಡಾಗ ಅದು ಓದಾಗುವುದಿಲ್ಲ, ಅಗೆತವಾಗುತ್ತದೆ. ಓದುವ ಮೊದಲೇ ಒಂದು ಪ್ರಶ್ನೆ ಕೊಟ್ಟು, ಅದಿಲ್ಲದೆ ಮುಂದೆ ಹೋಗಲಾಗದ ಆರೇಳು ಪದ ಹೇಳಿ, ಎಲ್ಲರೂ ಮನಸ್ಸಿನಲ್ಲೇ ಓದಿಕೊಳ್ಳಲಿ ಎಂದು ಬಿಡಬಹುದು. ಆದರೆ ಆಗ ಮೇಷ್ಟರು ಸುಮ್ಮನೆ ಕುಳಿತಂತೆ ಕಾಣುತ್ತಾರೆ. ಸಂಬಳ ಕೊಡುವವರು ಕಿಟಕಿಯಲ್ಲಿ ಇಣುಕಿದರೆ?

ವರ್ಷದ ಕೊನೆಗೆ ಸಂಭಾಷಣೆಯ ಪರೀಕ್ಷೆ. ಬಿಟ್ಟ ಸ್ಥಳ ತುಂಬಿ. ಎ: ಹೌ ಆರ್ ಯೂ? ಬಿ: ಡ್ಯಾಶ್, ಡ್ಯಾಶ್, ಥ್ಯಾಂಕ್ ಯೂ. ಎಲ್ಲರೂ "ಐ ಯಾಮ್ ಫೈನ್" ಎಂದು ನೀಲಿ ಶಾಯಿಯಲ್ಲಿ ಬರೆಯುತ್ತಾರೆ. ಸ್ಪೆಲಿಂಗ್ ತಪ್ಪಿದರೆ ಅರ್ಧ ಅಂಕ ಕಡಿತ. ಪ್ರಶ್ನೆಪತ್ರಿಕೆಯ ನೆತ್ತಿಯ ಮೇಲೆ ದಪ್ಪಕ್ಷರದ ಸೂಚನೆ: ಮಾತನಾಡಿದವರನ್ನು ಹೊರಗೆ ಕಳುಹಿಸಲಾಗುವುದು.